ಮೂವತ್ತಕ್ಕೆ ಲಿವರ್‌ಪೂಲ್: ವತಾರು ಎಂಡೊ ಹಿಡಿದ ಸುತ್ತುದಾರಿ

2023ರ ಆಗಸ್ಟ್. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆಗಲೇ ಶುರುವಾಗಿತ್ತು. ಲಿವರ್‌ಪೂಲ್ ತಂಡದ ನಡುಮೈದಾನ ಮಾತ್ರ ಖಾಲಿ. ನಾಯಕ ಜೋರ್ಡನ್ ಹೆಂಡರ್ಸನ್ ಮತ್ತು ಡಿಫೆಂಡರ್‌ಗಳ ಮುಂದೆ ನಿಂತು ವರ್ಷಗಟ್ಟಲೆ ಕಾವಲು ಕಾದಿದ್ದ ಫಾಬಿನ್ಯೊ, ಇಬ್ಬರೂ ಸೌದಿ ಕ್ಲಬ್‌ಗಳಿಗೆ ಹೊರಟುಹೋಗಿದ್ದರು. ಬ್ರೈಟನ್‌ನ ಮೋಯ್ಸೆಸ್ ಕೈಸೆಡೊ ಅವರನ್ನು ತರಲು ಲಿವರ್‌ಪೂಲ್ 11 ಕೋಟಿ 10 ಲಕ್ಷ ಪೌಂಡ್ ಕೊಡಲು ಮುಂದಾಯಿತು. ಬ್ರೈಟನ್ ಒಪ್ಪಿತು, ಆಟಗಾರ ಒಪ್ಪಲಿಲ್ಲ. ಅವರು ಚೆಲ್ಸಿಗೆ ಹೋದರು. ಆಮೇಲೆ ಸೌತಾಂಪ್ಟನ್‌ನ ರೋಮಿಯೊ ಲಾವಿಯಾ ಅವರನ್ನು ಕೇಳಿದರು. ಅವರೂ ಚೆಲ್ಸಿಯನ್ನೇ ಆರಿಸಿಕೊಂಡರು. ಲಾವಿಯಾ ಚೆಲ್ಸಿ ಸೇರಿದ ದಿನವೇ, ಆಗಸ್ಟ್ 18ರಂದು, ಲಿವರ್‌ಪೂಲ್ ಜರ್ಮನಿಯ ಸ್ಟುಟ್‌ಗಾರ್ಟ್ ಕ್ಲಬ್‌ನಿಂದ ಒಬ್ಬ ಜಪಾನಿ ಆಟಗಾರನನ್ನು ಕರೆತಂದಿತು. ಬೆಲೆ ಸುಮಾರು 1 ಕೋಟಿ 60 ಲಕ್ಷ ಪೌಂಡ್. ವಯಸ್ಸು 30. ಹೆಸರು ವತಾರು ಎಂಡೊ.

ಆಗ ತುಂಬ ಜನ ಹೇಳಿದ್ದು ಒಂದೇ ಮಾತು: ಬೇರೆ ಯಾರೂ ಸಿಗಲಿಲ್ಲ, ಗಾಬರಿಯಲ್ಲಿ ಸಿಕ್ಕವರನ್ನು ಕೊಂಡರು. ಲಿವರ್‌ಪೂಲ್ ಮಟ್ಟಿಗೆ ಅದು ಅವಸರದ ಖರೀದಿ ಆಗಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ಎಂಡೊ ಕಡೆಯಿಂದ ನೋಡಿದರೆ ಅವಸರದ್ದು ಯಾವುದೂ ಕಾಣುವುದಿಲ್ಲ. ಅಲ್ಲಿಗೆ ಬರೋಕೆ ಅವರಿಗೆ 13 ವರ್ಷದ ವೃತ್ತಿ ಆಟ ಬೇಕಾಗಿತ್ತು. ಆ 13 ವರ್ಷದಲ್ಲಿ ಒಂದು ಬಾಗಿಲು ಮುಚ್ಚಿದಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ಚಿಕ್ಕ ಬಾಗಿಲು ತೆರೆದಿತ್ತು. ಜಪಾನ್ ಫುಟ್‌ಬಾಲ್ ಹೇಗೆ ಬೆಳೆಯಿತು ಅನ್ನೋದಕ್ಕೆ ಆ ಚಿಕ್ಕ ಬಾಗಿಲುಗಳೇ ಮುಖ್ಯ ಕಾರಣ ಅಂತ ನನಗೆ ಅನಿಸುತ್ತದೆ. ಈಗ ಅವು ಒಂದೊಂದಾಗಿ ಕಿರಿದಾಗುತ್ತಿರುವುದು ಚಿಂತೆಯ ಸಂಗತಿ.

ಶುರುವಿನಿಂದಲೇ ನೋಡೋಣ. ಎಂಡೊ ಹುಟ್ಟಿದ್ದು 1993ರ ಫೆಬ್ರವರಿ 9ರಂದು, ಯೋಕೊಹಾಮಾದಲ್ಲಿ. ಮೂರು ತಿಂಗಳು ಕಳೆದ ಮೇಲೆ, ಮೇ 15ರಂದು, ಜಪಾನಿನ ವೃತ್ತಿಪರ ಜೆ ಲೀಗ್ ಟೋಕಿಯೊದಲ್ಲಿ ಶುರುವಾಯಿತು. ಮೊದಲ ಪಂದ್ಯದಲ್ಲಿ ಆಡಿದ್ದು ವೆರ್ಡಿ ಕವಾಸಾಕಿ ಮತ್ತು ಯೋಕೊಹಾಮಾ ಮರಿನೋಸ್. ಗೆದ್ದದ್ದು ಮರಿನೋಸ್, 2–1. ಅಂದರೆ ಲೀಗ್‌ಗೂ ಈ ಆಟಗಾರನಿಗೂ ಒಂದೇ ವಯಸ್ಸು, ಮೊದಲ ಪಂದ್ಯ ಗೆದ್ದ ತಂಡ ಅವರ ಊರಿನದ್ದೇ. ಊರಿನ ಹುಡುಗರಿಗೆಲ್ಲ ಇದ್ದ ಆಸೆಯಂತೆ ಎಂಡೊ ಕೂಡ ಚಿಕ್ಕವರಿದ್ದಾಗ ಮರಿನೋಸ್ ಮಕ್ಕಳ ತಂಡದ ಆಯ್ಕೆಗೆ ಹೋದರು. ಆಯ್ಕೆಯಾಗಲಿಲ್ಲ.

ಇಲ್ಲಿ ಫೆಬ್ರವರಿ ಅನ್ನೋದನ್ನು ಗಮನಿಸಬೇಕು. ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಏಪ್ರಿಲ್ 2ರಿಂದ ಮುಂದಿನ ಏಪ್ರಿಲ್ 1ರೊಳಗೆ ಹುಟ್ಟಿದವರೆಲ್ಲ ಒಂದೇ ತರಗತಿ. ನಮ್ಮಲ್ಲಿ ಒಂದನೇ ತರಗತಿಗೆ ಜೂನ್ 1ರ ಲೆಕ್ಕ ಇಟ್ಟುಕೊಂಡ ಹಾಗೆಯೇ. ಫೆಬ್ರವರಿಯಲ್ಲಿ ಹುಟ್ಟಿದ ಮಗು ಏಪ್ರಿಲ್‌ನಲ್ಲಿ ಹುಟ್ಟಿದ ಸಹಪಾಠಿಗಿಂತ ಹತ್ತು ತಿಂಗಳು ಚಿಕ್ಕದು. ಹತ್ತು ವಯಸ್ಸಿನಲ್ಲಿ ಹತ್ತು ತಿಂಗಳು ಅಂದರೆ ಎತ್ತರದಲ್ಲಿ, ಓಟದಲ್ಲಿ, ತಳ್ಳಾಟದಲ್ಲಿ ದೊಡ್ಡ ವ್ಯತ್ಯಾಸ. ಜಪಾನಿನ ದೊಡ್ಡ ಕ್ಲಬ್‌ಗಳ ಮಕ್ಕಳ ತಂಡಗಳಲ್ಲಿ ಏಪ್ರಿಲ್‌ನಿಂದ ಜೂನ್ ನಡುವೆ ಹುಟ್ಟಿದವರು ಜಾಸ್ತಿ, ಜನವರಿಯಿಂದ ಮಾರ್ಚ್ ನಡುವಿನವರು ಕಡಿಮೆ. ಇದು ಜಪಾನಿಗೆ ಮಾತ್ರ ಅಂಟಿದ ರೋಗ ಅಲ್ಲ, ಯುರೋಪಿನಲ್ಲೂ ಹೀಗೇ. ಆಯ್ಕೆ ಮಾಡುವವರು ಪ್ರತಿಭೆ ನೋಡುತ್ತಿದ್ದೇವೆ ಅಂದುಕೊಂಡು ಎಷ್ಟೋ ಸಲ ಹುಟ್ಟಿದ ತಿಂಗಳನ್ನು ನೋಡಿರುತ್ತಾರೆ.

ಹಾಗೆ ತಪ್ಪಿಹೋದ ಮಗುವಿಗೆ ಆಮೇಲೆ ಏನು ದಾರಿ? ಯುರೋಪಿನ ಬಹಳಷ್ಟು ಕಡೆ ಕ್ಲಬ್‌ನ ಅಕಾಡೆಮಿ ತಪ್ಪಿದರೆ ಕಥೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಜಪಾನಿನಲ್ಲಿ ಶಾಲೆಯ ತಂಡ ಇದೆ. ಅಲ್ಲಿ ಶಾಲಾ ಫುಟ್‌ಬಾಲ್ ಅಂದರೆ ಸುಮ್ನೆ ಸಂಜೆ ಹೊತ್ತು ಕಳೆಯೋ ಆಟ ಅಲ್ಲ. ಹೈಸ್ಕೂಲುಗಳ ರಾಷ್ಟ್ರೀಯ ಟೂರ್ನಿ ಪ್ರತಿ ಚಳಿಗಾಲದಲ್ಲಿ ನಡೆಯುತ್ತದೆ, ಟಿವಿಯಲ್ಲಿ ಬರುತ್ತದೆ, ಫೈನಲ್‌ಗೆ ಸಾವಿರಾರು ಜನ ಸೇರುತ್ತಾರೆ. ಎಂಡೊ ತಮ್ಮ ಬಡಾವಣೆಯ ಮಾಧ್ಯಮಿಕ ಶಾಲೆಯ ತಂಡದಲ್ಲಿ ಆಡುತ್ತ ಇದ್ದರು. ಅಲ್ಲಿ ಅವರ ಆಟ ಕಂಡಿದ್ದು ಶೋನಾನ್ ಬೆಲ್ಮಾರೆ ಕ್ಲಬ್‌ನ ಯುವ ತಂಡದ ಕೋಚ್ ಚೋ ಕ್ವಿ-ಜೆ ಅವರ ಕಣ್ಣಿಗೆ. 2008ರಲ್ಲಿ ಎಂಡೊ ಶೋನಾನ್ ಯುವ ತಂಡಕ್ಕೆ ಸೇರಿದರು.

ಶೋನಾನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಕನಗಾವಾ ಪ್ರಾಂತ್ಯದ ಕಡಲತೀರದ ಊರು ಹಿರಾತ್ಸುಕಾದ ಕ್ಲಬ್. ಮೊದಲು ಅದರ ಹೆಸರು ಬೆಲ್ಮಾರೆ ಹಿರಾತ್ಸುಕಾ. ಜಪಾನಿನ ದೊಡ್ಡ ಫುಟ್‌ಬಾಲ್ ತಾರೆಗಳಲ್ಲಿ ಒಬ್ಬರಾದ ಹಿದೆತೋಶಿ ನಕಾತಾ 1995ರಲ್ಲಿ ವೃತ್ತಿ ಶುರು ಮಾಡಿದ್ದು ಇಲ್ಲೇ. 1998ರ ವಿಶ್ವಕಪ್ ಮುಗಿದ ಕೂಡಲೇ, 21ನೇ ವಯಸ್ಸಿನಲ್ಲಿ, ಅವರು ಇಟಲಿಯ ಪೆರೂಜಾಗೆ ಹೋದರು. ಆಮೇಲೆ ರೋಮಾ ಜೊತೆ 2001ರಲ್ಲಿ ಇಟಲಿಯ ಲೀಗ್ ಗೆದ್ದರು. 2006ರ ವಿಶ್ವಕಪ್ ಮುಗಿಯುತ್ತಿದ್ದಂತೆ 29ನೇ ವಯಸ್ಸಿಗೇ ಆಟ ಬಿಟ್ಟರು. ಒಂದೇ ಕ್ಲಬ್‌ನಿಂದ ಬಂದ ಇಬ್ಬರು ಮಿಡ್‌ಫೀಲ್ಡರ್‌ಗಳು. ಒಬ್ಬರು ಎಲ್ಲ ಮುಗಿಸಿ ಮನೆಗೆ ಹೋದ ವಯಸ್ಸನ್ನು ದಾಟಿದ ಮೇಲೆ ಇನ್ನೊಬ್ಬರಿಗೆ ಲಿವರ್‌ಪೂಲ್‌ನಿಂದ ಕರೆ ಬಂತು.

ನಕಾತಾ ಹೋದ ಮರುವರ್ಷ ಕ್ಲಬ್‌ನ ಮುಖ್ಯ ಪ್ರಾಯೋಜಕ ಫುಜಿತಾ ಕಂಪನಿ ಕೈಬಿಟ್ಟಿತು. ದುಡ್ಡಿಲ್ಲದ ತಂಡ ಲೀಗ್‌ನ ತಳಕ್ಕೆ ಜಾರಿ ಎರಡನೇ ಹಂತದ ಲೀಗ್‌ಗೆ ಬಿತ್ತು. 2000ದಲ್ಲಿ ಶೋನಾನ್ ಅಂತ ಹೆಸರು ಬದಲಿಸಿಕೊಂಡು, ಸುತ್ತಲಿನ ಊರುಗಳನ್ನೆಲ್ಲ ಜೊತೆಗೆ ಕಟ್ಟಿಕೊಂಡು ಬದುಕಿತು. ಹತ್ತು ವರ್ಷ ಎರಡನೇ ಹಂತದಲ್ಲೇ ಕಳೆಯಿತು. ಇಂಥ ಕ್ಲಬ್‌ಗೆ ದುಬಾರಿ ಆಟಗಾರರನ್ನು ಕೊಳ್ಳೋಕೆ ಆಗುವುದಿಲ್ಲ. ತನ್ನಲ್ಲಿ ಬೆಳೆದ ಹುಡುಗರನ್ನೇ ಮೈದಾನಕ್ಕೆ ಇಳಿಸಬೇಕು. ಎಂಡೊಗೆ ಒಳ್ಳೆಯದಾಗಿದ್ದು ಇದರಿಂದಲೇ. 2010ರಲ್ಲಿ ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ, 17ನೇ ವಯಸ್ಸಿನಲ್ಲಿ, ಮೊದಲ ಹಂತದ ಲೀಗ್‌ನಲ್ಲಿ ಆಡಿದರು. ಆ ವರ್ಷ ಶೋನಾನ್ ಮತ್ತೆ ಕೆಳಗೆ ಬಿತ್ತು. ಬಿದ್ದದ್ದರಿಂದ ಇನ್ನೂ ಜಾಸ್ತಿ ಅವಕಾಶ ಸಿಕ್ಕಿತು. ಚೋ ಮುಖ್ಯ ಕೋಚ್ ಆದಾಗ ಇಪ್ಪತ್ತರ ಆಸುಪಾಸಿನ ಎಂಡೊಗೆ ನಾಯಕನ ಪಟ್ಟಿಯನ್ನೂ ಕಟ್ಟಿದರು.

2014ರ ಶೋನಾನ್ ತಂಡವನ್ನು ಜಪಾನಿನಲ್ಲಿ ಈಗಲೂ ನೆನೆಯುತ್ತಾರೆ. ಎರಡನೇ ಹಂತದ ಲೀಗ್‌ನ ಮೊದಲ 14 ಪಂದ್ಯಗಳನ್ನೂ ಗೆದ್ದರು. ವರ್ಷದ ಕೊನೆಗೆ 101 ಅಂಕ. ಎಂಡೊ ಆಗ ಆಡುತ್ತಿದ್ದದ್ದು ನಡುಮೈದಾನದಲ್ಲಿ ಅಲ್ಲ, ಮೂವರು ಡಿಫೆಂಡರ್‌ಗಳ ಸಾಲಿನ ಬಲಗಡೆಯಲ್ಲಿ. ಆದರೆ ಚೋ ಕಟ್ಟಿದ್ದ ಆಟ ಓಟದ ಆಟ. ಚೆಂಡು ಕೈತಪ್ಪಿದ ಕ್ಷಣವೇ ಎಲ್ಲರೂ ಮುಂದಕ್ಕೆ ನುಗ್ಗಿ ಕಸಿಯಬೇಕು. ಹಿಂದಿನ ಸಾಲಿನವರೂ ಎದುರಾಳಿಯ ಪೆನಾಲ್ಟಿ ಬಾಕ್ಸ್ ತನಕ ಓಡಬೇಕು. ಹಿಂದೆ ನಿಂತು ಇಡೀ ಮೈದಾನ ನೋಡುವ ಅಭ್ಯಾಸ, ಮುಂದೆ ನುಗ್ಗಿ ಚೆಂಡು ಕಸಿಯುವ ಅಭ್ಯಾಸ, ಎರಡೂ ಒಟ್ಟಿಗೆ ಬಂದದ್ದು ಇಲ್ಲಿ.

2016ರಲ್ಲಿ ಉರಾವಾ ರೆಡ್ಸ್‌ಗೆ ಹೋದರು. ಜಪಾನಿನಲ್ಲಿ ಅತಿ ಹೆಚ್ಚು ಅಭಿಮಾನಿಗಳಿರುವ ಕ್ಲಬ್‌ಗಳಲ್ಲಿ ಅದೂ ಒಂದು. ಅಲ್ಲಿ ಲೀಗ್ ಕಪ್ ಗೆದ್ದರು, 2017ರಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಗೆದ್ದರು. ಆದರೂ ಅವರನ್ನು ಹಿಂದಿನ ಸಾಲಿನಲ್ಲೇ ಆಡಿಸಿದರು. ರಾಷ್ಟ್ರೀಯ ತಂಡದಲ್ಲೂ ಹಾಗೇ. 2015ರ ಆಗಸ್ಟ್‌ನಲ್ಲಿ ಚೀನಾದ ವುಹಾನ್‌ನಲ್ಲಿ ಉತ್ತರ ಕೊರಿಯಾ ವಿರುದ್ಧ ಮೊದಲ ಸಲ ಜಪಾನ್ ಪರ ಆಡಿದಾಗ ಅವರು ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್. ಆಗಿನ ಕೋಚ್ ವಾಹಿದ್ ಹಲಿಲ್ಹೊಜಿಚ್‌ಗೆ ಜಪಾನಿ ಆಟಗಾರರ ಮೇಲಿದ್ದ ದೊಡ್ಡ ದೂರು ಏನೆಂದರೆ, ಒಬ್ಬರಿಗೊಬ್ಬರು ಎದುರಾದಾಗ ಮೈಯೊಡ್ಡಿ ಚೆಂಡು ಗೆಲ್ಲುವುದಿಲ್ಲ ಅನ್ನೋದು. ಪಾಸ್ ಚೆನ್ನಾಗಿ ಕೊಡುತ್ತಾರೆ, ಹೊಂದಿಕೊಂಡು ಆಡುತ್ತಾರೆ, ಗುದ್ದಾಟ ಬಂದರೆ ಹಿಂದೆ ಸರಿಯುತ್ತಾರೆ ಅಂತ. ಮುಂದೆ ಜರ್ಮನಿಯಲ್ಲಿ ಅದೇ ಗುದ್ದಾಟದ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವ ಆಟಗಾರ ಅವರದೇ ತಂಡದಲ್ಲಿ ಇದ್ದ.

2018ರ ರಷ್ಯಾ ವಿಶ್ವಕಪ್‌ಗೆ ಎಂಡೊ ಹೋದರು. ಒಂದು ನಿಮಿಷವೂ ಆಡಲಿಲ್ಲ. ಪ್ರಿಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ಮೇಲೆ ಜಪಾನ್ 2–0 ಮುಂದಿತ್ತು. ಕೊನೆಗೆ 2–3ರಿಂದ ಸೋತಿತು. ಮೂರನೇ ಗೋಲು ಬಂದದ್ದು ಹೆಚ್ಚುವರಿ ನಿಮಿಷಗಳಲ್ಲಿ, ಜಪಾನಿನ ಕಾರ್ನರ್‌ನಿಂದಲೇ. ಬೆಲ್ಜಿಯಂ ಗೋಲ್‌ಕೀಪರ್ ಚೆಂಡು ಹಿಡಿದು ಉರುಳಿಸಿದರು, ಡಿ ಬ್ರೊಯ್ನೆ ನಡುಮೈದಾನವನ್ನು ಸೀಳಿಕೊಂಡು ಓಡಿದರು, ತಡೆಯುವವರು ಯಾರೂ ಇರಲಿಲ್ಲ. ಎಂಡೊ ಅದನ್ನು ಬೆಂಚ್ ಮೇಲೆ ಕೂತು ನೋಡಿದರು. ಆ ಸೋಲಿನ ಜೊತೆಗೆ ನಾಯಕ ಮಕೋತೊ ಹಸೆಬೆ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ನಡುಮೈದಾನದಲ್ಲಿ ಒಂದು ಜಾಗ ಖಾಲಿಯಾಯಿತು.

ಅದೇ ಬೇಸಿಗೆಯಲ್ಲಿ ಎಂಡೊ ಬೆಲ್ಜಿಯಂನ ಸಿಂಟ್-ಟ್ರಾಯ್ಡನ್ ಕ್ಲಬ್‌ಗೆ ಹೋದರು. ಹಣ್ಣಿನ ತೋಟಗಳ ನಡುವಿನ ಸಣ್ಣ ಊರು. ದೊಡ್ಡ ಹೆಸರಿನ ತಂಡವಂತೂ ಅಲ್ಲ. ಆದರೆ 2017ರ ಕೊನೆಯಲ್ಲಿ ಅದನ್ನು ಜಪಾನಿನ ಡಿಎಂಎಂ ಕಂಪನಿ ಕೊಂಡುಕೊಂಡಿತ್ತು. ಜಪಾನಿನಿಂದ ನೇರವಾಗಿ ದೊಡ್ಡ ಲೀಗ್‌ಗೆ ಹಾರಿ ಬಿದ್ದವರು ಬಹಳ ಜನ. ನಡುವೆ ಒಂದು ಮೆಟ್ಟಿಲು ಇರಲಿ ಅನ್ನೋ ಯೋಚನೆ ಅದು. ಆ ಮೆಟ್ಟಿಲು ಹತ್ತಿದವರ ಹೆಸರು ನೋಡಿ: ಟಕೆಹಿರೊ ಟೊಮಿಯಾಸು ಮುಂದೆ ಬೊಲೊನ್ಯಾ, ಆಮೇಲೆ ಆರ್ಸೆನಲ್. ದೈಚಿ ಕಮಾದಾ ಫ್ರಾಂಕ್‌ಫರ್ಟ್, ಲಾಟ್ಸಿಯೊ ದಾಟಿ ಕ್ರಿಸ್ಟಲ್ ಪ್ಯಾಲೆಸ್. ಗೋಲ್‌ಕೀಪರ್ ಜಿಯಾನ್ ಸುಜುಕಿ ಪಾರ್ಮಾ. ಎಂಡೊಗೆ ಅಲ್ಲಿ ಸಿಕ್ಕ ದೊಡ್ಡ ಲಾಭ ನಡುಮೈದಾನದ ಜಾಗ. 25ನೇ ವಯಸ್ಸಿನಲ್ಲಿ, ಕೊನೆಗೂ, ಕ್ಲಬ್ ತಂಡದಲ್ಲಿ ತಮಗೆ ಬೇಕಾದ ಜಾಗದಲ್ಲಿ ಪ್ರತಿ ವಾರ ಆಡತೊಡಗಿದರು.

ಜಪಾನಿಗಳು ಬೆಲ್ಜಿಯಂ, ಜರ್ಮನಿಗೇ ಯಾಕೆ ಹೋಗುತ್ತಾರೆ ಅಂತ ಕೆಲವರು ಕೇಳುತ್ತಾರೆ. ಕಾರಣ ನಿಯಮಗಳಲ್ಲಿದೆ. ಸ್ಪೇನ್‌ನಲ್ಲಿ ಒಂದು ತಂಡ ಯುರೋಪಿಯನ್ ಒಕ್ಕೂಟದ ಹೊರಗಿನ ಮೂವರನ್ನು ಮಾತ್ರ ಇಟ್ಟುಕೊಳ್ಳಬಹುದು. ಆ ಮೂರು ಜಾಗಕ್ಕೆ ಬ್ರೆಜಿಲ್, ಅರ್ಜೆಂಟೀನಾ ಹುಡುಗರ ಸಾಲೇ ನಿಂತಿರುತ್ತದೆ. ಇಟಲಿಯಲ್ಲೂ ಹೊರಗಿನವರನ್ನು ತರುವುದಕ್ಕೆ ಮಿತಿ ಇದೆ. ಇಂಗ್ಲೆಂಡ್‌ನಲ್ಲಿ ವರ್ಕ್ ಪರ್ಮಿಟ್ ಬೇಕು. ರಾಷ್ಟ್ರೀಯ ತಂಡಕ್ಕೆ ಎಷ್ಟು ಆಡಿದ್ದೀರಿ, ಯಾವ ಲೀಗ್‌ನಲ್ಲಿ ಎಷ್ಟು ನಿಮಿಷ ಆಡಿದ್ದೀರಿ ಅಂತ ಅಂಕ ಹಾಕುತ್ತಾರೆ. ಜರ್ಮನಿ 2006ರಲ್ಲೇ ಇಂಥ ಮಿತಿಯನ್ನು ತೆಗೆದುಹಾಕಿತು. ಎಷ್ಟು ಜಪಾನಿಗಳು ಬೇಕಾದರೂ ಆಡಬಹುದು. ಹಸೆಬೆ 2009ರಲ್ಲಿ ವೋಲ್ಫ್ಸ್‌ಬರ್ಗ್ ಜೊತೆ ಜರ್ಮನಿಯ ಮೊದಲ ಹಂತದ ಲೀಗ್ ಆದ ಬುಂಡೆಸ್‌ಲೀಗಾ ಗೆದ್ದರು, ಶಿಂಜಿ ಕಗಾವಾ ಡಾರ್ಟ್ಮುಂಡ್ ಜೊತೆ ಎರಡು ಸಲ ಗೆದ್ದರು. ಅಲ್ಲಿಂದ ಮುಂದೆ ಜರ್ಮನ್ ಕ್ಲಬ್‌ಗಳಿಗೆ ಜಪಾನ್ ಮೇಲೆ ನಂಬಿಕೆ ಬಂತು.

2019ರಲ್ಲಿ ಎಂಡೊ ಸ್ಟುಟ್‌ಗಾರ್ಟ್‌ಗೆ ಹೋದಾಗ ಆ ತಂಡ ಎರಡನೇ ಹಂತಕ್ಕೆ ಬಿದ್ದಿತ್ತು. ಹೋದದ್ದು ಎರವಲು ಆಟಗಾರನಾಗಿ. ಮೊದಲ ಕೆಲವು ತಿಂಗಳು ಆಡಿಸಲೇ ಇಲ್ಲ. ನವೆಂಬರ್‌ನಲ್ಲಿ ಅವಕಾಶ ಸಿಕ್ಕಿತು. ಆಮೇಲೆ ಅವರನ್ನು ಬಿಟ್ಟು ತಂಡ ಕಟ್ಟುವುದು ಯಾವ ಕೋಚ್‌ಗೂ ಆಗಲಿಲ್ಲ. ತಂಡ ಮೇಲೆ ಬಂತು. 2020–21ರಲ್ಲಿ, ಮತ್ತೆ 2021–22ರಲ್ಲಿ, ಇಡೀ ಬುಂಡೆಸ್‌ಲೀಗಾದಲ್ಲಿ ಮುಖಾಮುಖಿ ಹೋರಾಟಗಳನ್ನು ಅತಿ ಹೆಚ್ಚು ಗೆದ್ದ ಆಟಗಾರ ಎಂಡೊ. ಎತ್ತರ 178 ಸೆಂಟಿಮೀಟರ್ ಅಷ್ಟೇ. ಜರ್ಮನಿಯ ಮಟ್ಟಕ್ಕೆ ಅದು ಸಾಧಾರಣ.

ಹೇಗೆ ಗೆಲ್ಲುತ್ತಾರೆ? ಒಂದು ಪಂದ್ಯದಲ್ಲಿ ಚೆಂಡು ಬಿಟ್ಟು ಎಂಡೊ ಒಬ್ಬರನ್ನೇ ಹತ್ತು ನಿಮಿಷ ನೋಡಿದರೆ ತಿಳಿಯುತ್ತದೆ. ಎದುರಾಳಿಗೆ ಪಾಸ್ ಹೊರಡುವ ಮೊದಲೇ ತಲೆ ತಿರುಗಿಸಿ ಎರಡೂ ಕಡೆ ನೋಡಿಕೊಂಡಿರುತ್ತಾರೆ. ಚೆಂಡು ಬರುವಾಗ ಎದುರಾಳಿಯ ಬೆನ್ನಿಗೆ ಅಂಟಿ ನಿಲ್ಲುವುದಿಲ್ಲ, ಅರ್ಧ ಹೆಜ್ಜೆ ಪಕ್ಕದಲ್ಲಿರುತ್ತಾರೆ. ಆತ ಚೆಂಡನ್ನು ಮೊದಲ ಸಲ ಮುಟ್ಟುವ ಹೊತ್ತಿಗೆ ಇವರ ಸೊಂಟ ಆತನಿಗೂ ಚೆಂಡಿಗೂ ನಡುವೆ ತೂರಿರುತ್ತದೆ. ಕಾಲು ಚಾಚಿ ಜಾರುವುದು ಕಡಿಮೆ. ಜಾರಿದರೆ ಎದ್ದು ನಿಲ್ಲೋಕೆ ಒಂದು ಸೆಕೆಂಡ್ ಬೇಕು, ಅಷ್ಟರಲ್ಲಿ ಆಟ ದಾಟಿಹೋಗಿರುತ್ತದೆ. ಚೆಂಡು ಸಿಕ್ಕ ಮೇಲೆ ಹತ್ತಿರದವರಿಗೆ ಕೊಟ್ಟು ಮುಗಿಸುತ್ತಾರೆ. ಟಿವಿಯ ಹೈಲೈಟ್ಸ್‌ನಲ್ಲಿ ಇದರಲ್ಲಿ ಒಂದೂ ಬರುವುದಿಲ್ಲ. ಅದಕ್ಕೇ ಇಂಥ ಆಟಗಾರರು ಜನಕ್ಕೆ ತಡವಾಗಿ ಗೊತ್ತಾಗುತ್ತಾರೆ.

ಹೈಲೈಟ್ಸ್‌ಗೆ ಬಂದ ಒಂದು ಕ್ಷಣವೂ ಇದೆ. 2022ರ ಮೇ 14, ಲೀಗ್‌ನ ಕೊನೆಯ ದಿನ. ಎಂಡೊ ಆಗ ಸ್ಟುಟ್‌ಗಾರ್ಟ್ ನಾಯಕ. ಕೊಲೋನ್ ಮೇಲೆ ಗೆಲ್ಲಬೇಕು, ಅತ್ತ ಹೆರ್ಥಾ ಬರ್ಲಿನ್ ಸೋಲಬೇಕು. ಹಾಗಾದರೆ ಮಾತ್ರ ಕೆಳಗಿನ ಹಂತಕ್ಕೆ ಬೀಳುತ್ತಾರೋ ಉಳಿಯುತ್ತಾರೋ ಅಂತ ತೀರ್ಮಾನಿಸುವ ಪ್ಲೇ-ಆಫ್ ಪಂದ್ಯಗಳಿಂದ ತಪ್ಪಿಸಿಕೊಳ್ಳಬಹುದು. ಹೆರ್ಥಾ ಡಾರ್ಟ್ಮುಂಡ್‌ನಲ್ಲಿ 1–2 ಹಿಂದೆ ಬಿದ್ದಿತ್ತು. ಇಲ್ಲಿ ಮಾತ್ರ ಇನ್ನೂ 1–1. 90 ನಿಮಿಷ ದಾಟಿತು. 92ನೇ ನಿಮಿಷದಲ್ಲಿ ಒಂದು ಕಾರ್ನರ್. ಹತ್ತಿರದ ಕಂಬದ ಬಳಿ ಹಿರೋಕಿ ಇತೊ ತಲೆಯಿಂದ ಚೆಂಡನ್ನು ಹಿಂದಕ್ಕೆ ತಿರುಗಿಸಿದರು. ದೂರದ ಕಂಬದ ಬಳಿ ಎಂಡೊ ಬಗ್ಗಿ ತಲೆಯೊಡ್ಡಿದರು. 2–1. ಸ್ಟುಟ್‌ಗಾರ್ಟ್, ಹೆರ್ಥಾ ಎರಡಕ್ಕೂ ಸಮ ಅಂಕ, ಗೋಲುಗಳ ಲೆಕ್ಕದಲ್ಲಿ ಸ್ಟುಟ್‌ಗಾರ್ಟ್ ಉಳಿಯಿತು. ಪಂದ್ಯ ಮುಗಿದಾಗ ಜನ ಮೈದಾನದೊಳಗೇ ನುಗ್ಗಿದರು. ಒಂದು ಜರ್ಮನ್ ಕ್ಲಬ್‌ನ ಜೀವ ಉಳಿಸಿದ ಗೋಲಿನಲ್ಲಿ ತಲೆ ಕೊಟ್ಟವರು ಇಬ್ಬರೂ ಜಪಾನಿಗಳು.

ಇಷ್ಟೆಲ್ಲ ಆದ ಮೇಲೂ ಬೆಲೆ 1 ಕೋಟಿ 60 ಲಕ್ಷ ಪೌಂಡ್ ಅಷ್ಟೇ ಯಾಕೆ? ಇಲ್ಲಿ ದೊಡ್ಡ ಕ್ಲಬ್‌ಗಳ ಲೆಕ್ಕಾಚಾರ ಅರ್ಥ ಮಾಡಿಕೊಳ್ಳಬೇಕು. ಆಟಗಾರನಿಗೆ ಕೊಟ್ಟ ಹಣವನ್ನು ಕ್ಲಬ್‌ಗಳು ಕಾಂಟ್ರ್ಯಾಕ್ಟ್‌ನ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತವೆ. 21 ವರ್ಷದ ಆಟಗಾರನನ್ನು ಕೊಂಡರೆ ಐದು ವರ್ಷ ಆಡಿಸಿ, 26ಕ್ಕೆ ಇನ್ನೂ ಜಾಸ್ತಿ ಬೆಲೆಗೆ ಮಾರಬಹುದು. 30 ವರ್ಷದವರನ್ನು ಕೊಂಡರೆ ಮುಂದೆ ಮಾರಿ ಬರುವುದು ಕಡಿಮೆ. ಅಂದರೆ ಕೈಸೆಡೊಗೆ ಚೆಲ್ಸಿ ಕೊಟ್ಟ 11 ಕೋಟಿ 50 ಲಕ್ಷದಲ್ಲಿ ಇವತ್ತಿನ ಆಟದ ಬೆಲೆ ಒಂದು ಭಾಗ, ನಾಳೆ ಮಾರಬಹುದು ಅನ್ನೋ ಆಸೆಯ ಬೆಲೆ ಇನ್ನೊಂದು ಭಾಗ. ಎಂಡೊಗೆ ಕೊಟ್ಟದ್ದು ಬರೀ ಇವತ್ತಿನ ಆಟಕ್ಕೆ. ಎರಡು ಬೆಲೆಗಳನ್ನು ಪಕ್ಕಪಕ್ಕ ಇಟ್ಟು ಇವರಿಗಿಂತ ಅವರು ಏಳು ಪಾಲು ಒಳ್ಳೆಯ ಆಟಗಾರ ಅಂತ ಓದುವುದು ತಪ್ಪು.

ಎಂಡೊ ಸಹಿ ಹಾಕಿದ ಮರುದಿನವೇ ಮೈದಾನಕ್ಕೆ ಇಳಿದರು. ಆಗಸ್ಟ್ 19ರಂದು ಬೋರ್ನ್‌ಮತ್ ವಿರುದ್ಧ ಮಿಡ್‌ಫೀಲ್ಡರ್ ಮಕ್ ಅಲಿಸ್ಟರ್‌ಗೆ ಕೆಂಪು ಕಾರ್ಡ್ ಬಿದ್ದು, ಲಿವರ್‌ಪೂಲ್ ಹತ್ತು ಜನರಿಗೆ ಇಳಿದಿತ್ತು. ಹೊಸ ಸಹ ಆಟಗಾರರ ಹೆಸರು ಕಲಿಯೋಕೂ ಸಮಯ ಇರಲಿಲ್ಲ, ಅಲ್ವಾ? ಪಂದ್ಯ 3–1ರಿಂದ ಗೆದ್ದರು. ಆದರೆ ಮುಂದಿನ ಎರಡು ಮೂರು ತಿಂಗಳು ಸುಲಭ ಇರಲಿಲ್ಲ. ಪ್ರೀಮಿಯರ್ ಲೀಗ್‌ನ ವೇಗಕ್ಕೆ ಅವರು ಅರ್ಧ ಕ್ಷಣ ಹಿಂದೆ ಬೀಳುತ್ತಿದ್ದರು. ಕೋಚ್ ಯೂರ್ಗನ್ ಕ್ಲಾಪ್ ಅವರನ್ನು ಯುರೋಪಾ ಲೀಗ್ ಪಂದ್ಯಗಳಲ್ಲಿ ಆಡಿಸುತ್ತ, ಲೀಗ್‌ನಲ್ಲಿ ಹೆಚ್ಚಾಗಿ ಬದಲಿಯಾಗಿ ಇಳಿಸುತ್ತ ತಾಳ್ಮೆಯಿಂದ ಹದ ಮಾಡಿದರು. ಡಿಸೆಂಬರ್ 3ರಂದು ಫುಲಾಮ್ ವಿರುದ್ಧ 2–3 ಹಿಂದೆ ಇದ್ದಾಗ ಇಳಿಸಿದರು. 87ನೇ ನಿಮಿಷದಲ್ಲಿ ಬಾಕ್ಸ್ ಅಂಚಿನಿಂದ ಎಂಡೊ ತಿರುಗಿಸಿ ಹೊಡೆದ ಚೆಂಡು ಬಲೆಯ ಮೂಲೆ ಸೇರಿತು. ಮರುನಿಮಿಷ ಅಲೆಕ್ಸಾಂಡರ್-ಆರ್ನಾಲ್ಡ್ ಇನ್ನೊಂದು ಹೊಡೆದು 4–3 ಮಾಡಿದರು. ಅಲ್ಲಿಂದ ಎಂಡೊ ಮೊದಲ ಹನ್ನೊಂದರಲ್ಲಿ ಕಾಯಂ ಆದರು.

2024ರ ಫೆಬ್ರವರಿ 25ರ ಲೀಗ್ ಕಪ್ ಫೈನಲ್ ಅವರ ಲಿವರ್‌ಪೂಲ್ ದಿನಗಳ ದೊಡ್ಡ ಪಂದ್ಯ ಅಂತ ನನ್ನ ಅಭಿಪ್ರಾಯ. ವೆಂಬ್ಲಿಯಲ್ಲಿ ಎದುರಿಗಿದ್ದದ್ದು ಚೆಲ್ಸಿ. ಅವರ ನಡುಮೈದಾನದಲ್ಲಿ ಕೈಸೆಡೊ ಮತ್ತು ಎನ್ಜೊ ಫೆರ್ನಾಂಡೆಸ್. ಇಬ್ಬರಿಗೂ ತಲಾ 10 ಕೋಟಿ ಪೌಂಡ್‌ಗಿಂತ ಜಾಸ್ತಿ ಕೊಟ್ಟಿದ್ದರು. ಲಿವರ್‌ಪೂಲ್ ಕಡೆ ಗಾಯಾಳುಗಳ ಪಟ್ಟಿಯೇ ಉದ್ದ. ಮಿಡ್‌ಫೀಲ್ಡರ್ ಗ್ರಾವೆನ್‌ಬರ್ಖ್ ಅರ್ಧ ಗಂಟೆಗೆ ಮೊದಲೇ ಸ್ಟ್ರೆಚರ್ ಮೇಲೆ ಹೊರಗೆ. ಕೊನೆಗೆ ಎಂಡೊ ಅಕ್ಕಪಕ್ಕದಲ್ಲಿ ಆಡುತ್ತಿದ್ದವರು ಜೇಮ್ಸ್ ಮೆಕಾನೆಲ್ ಮತ್ತು ಬಾಬಿ ಕ್ಲಾರ್ಕ್, ಇಬ್ಬರೂ 19ರ ಹುಡುಗರು. 31 ವರ್ಷದ ಎಂಡೊ 120 ನಿಮಿಷವೂ ಓಡಿದರು. ಹುಡುಗರು ಮುಂದೆ ನುಗ್ಗಿದಾಗ ಹಿಂದೆ ಬಿಟ್ಟ ಜಾಗ ತುಂಬಿದರು. 118ನೇ ನಿಮಿಷದಲ್ಲಿ ವ್ಯಾನ್ ಡೈಕ್ ತಲೆಯಿಂದ ಹೊಡೆದ ಗೋಲಿನಿಂದ ಲಿವರ್‌ಪೂಲ್ 1–0 ಗೆದ್ದಿತು. ಶೋನಾನ್‌ನಲ್ಲಿ ಇಪ್ಪತ್ತರ ಹುಡುಗನಾಗಿ ತನಗಿಂತ ದೊಡ್ಡವರಿಗೆ ನಾಯಕನಾಗಿದ್ದವರು ಇಲ್ಲಿ ಹುಡುಗರ ನಡುವೆ ಹಿರಿಯರಾಗಿ ನಿಂತರು.

ಮುಂದಿನ ವರ್ಷ ಕ್ಲಾಪ್ ಹೋಗಿ ಆರ್ನೆ ಸ್ಲಾಟ್ ಬಂದರು. ಸ್ಲಾಟ್‌ಗೆ ಆ ಜಾಗದಲ್ಲಿ ಬೇಕಾಗಿದ್ದದ್ದು ಬೇರೆ ಗುಣ: ಒತ್ತಡದಲ್ಲಿ ಚೆಂಡು ಪಡೆದು, ಮೈ ತಿರುಗಿಸಿ, ತಾನೇ ಮುಂದೆ ಒಯ್ಯುವವರು. ರಿಯಲ್ ಸೊಸಿಯೆದಾದ್‌ನ ಸುಬಿಮೆಂದಿಗೆ ಪ್ರಯತ್ನಿಸಿದರು, ಅವರು ಬರಲಿಲ್ಲ. ಆ ಜಾಗ ಗ್ರಾವೆನ್‌ಬರ್ಖ್‌ಗೆ ಹೋಯಿತು, ಅವರು ಅದ್ಭುತವಾಗಿ ಆಡಿದರು. ಸ್ಲಾಟ್ ತಪ್ಪು ಮಾಡಿದರು ಅಂತ ಹೇಳೋಕೆ ಆಗಲ್ಲ. ಫ್ರಾನ್ಸ್‌ನ ಮಾರ್ಸೇ ಕ್ಲಬ್ ಎಂಡೊ ಅವರನ್ನು ಕೇಳಿತು, ಲಿವರ್‌ಪೂಲ್ ಕೊಡಲಿಲ್ಲ. 2024–25ರಲ್ಲಿ ಎಂಡೊ 20 ಲೀಗ್ ಪಂದ್ಯಗಳಲ್ಲಿ ಆಡಿದರು, ಬಹುತೇಕ ಎಲ್ಲವೂ ಕೊನೆಯ ಕೆಲವು ನಿಮಿಷ. ಒಂದು ಗೋಲಿನಿಂದ ಮುಂದಿದ್ದೇವೆ, ಹತ್ತು ನಿಮಿಷ ಉಳಿದಿದೆ, ಎದುರಾಳಿ ಚೆಂಡನ್ನು ಎತ್ತರಕ್ಕೆ ಹಾಕಿ ಹಾಕಿ ಒತ್ತುತ್ತಿದ್ದಾರೆ. ಆಗ ಎಂಡೊ ಇಳಿಯುತ್ತಿದ್ದರು. ಒಮ್ಮೆ ಸೌತಾಂಪ್ಟನ್ ವಿರುದ್ಧದ ಲೀಗ್ ಕಪ್ ಪಂದ್ಯದಲ್ಲಿ ಸೆಂಟರ್ ಬ್ಯಾಕ್ ಆಗಿಯೂ ಆಡಿದರು, ಶೋನಾನ್ ಮತ್ತು ಉರಾವಾದ ಹಳೆ ಪಾಠ ಉಪಯೋಗಕ್ಕೆ ಬಂತು. 2025ರ ಏಪ್ರಿಲ್ 27ರಂದು ಟಾಟನಮ್ ಮೇಲೆ 5–1ರಿಂದ ಗೆದ್ದು ಲಿವರ್‌ಪೂಲ್ ಚಾಂಪಿಯನ್ ಆಯಿತು. ಕಗಾವಾ, ಶಿಂಜಿ ಒಕಾಜಾಕಿ, ಟಕುಮಿ ಮಿನಾಮಿನೊ ಆದ ಮೇಲೆ ಪ್ರೀಮಿಯರ್ ಲೀಗ್ ಗೆದ್ದ ನಾಲ್ಕನೇ ಜಪಾನಿ ಎಂಡೊ.

ರಾಷ್ಟ್ರೀಯ ತಂಡಕ್ಕೆ ಅವರು ಎಷ್ಟು ಮುಖ್ಯ ಅನ್ನೋದು ಅವರು ಇಲ್ಲದಿದ್ದ ಪಂದ್ಯಗಳಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. 2019ರ ಏಷ್ಯಾ ಕಪ್‌ನ ಸೆಮಿಫೈನಲ್‌ನಲ್ಲಿ ಗಾಯ ಮಾಡಿಕೊಂಡು ಫೈನಲ್ ತಪ್ಪಿಸಿಕೊಂಡರು. ಫೈನಲ್‌ನಲ್ಲಿ ಕತಾರ್ ಆಟಗಾರರು ಜಪಾನಿನ ಡಿಫೆಂಡರ್‌ಗಳ ಮುಂದಿನ ಖಾಲಿ ಜಾಗದಲ್ಲಿ ಆರಾಮಾಗಿ ಆಡಿ 3–1 ಗೆದ್ದರು. 2022ರ ವಿಶ್ವಕಪ್‌ಗೆ ಎರಡು ವಾರ ಮೊದಲು ಬುಂಡೆಸ್‌ಲೀಗಾ ಪಂದ್ಯದಲ್ಲಿ ತಲೆಗೆ ಏಟು ಬಿತ್ತು. ಆದರೂ ಚೇತರಿಸಿಕೊಂಡು ಬಂದು, ಜರ್ಮನಿ ಮತ್ತು ಸ್ಪೇನ್ ಎರಡನ್ನೂ 2–1ರಿಂದ ಸೋಲಿಸಿದ ಪಂದ್ಯಗಳಲ್ಲಿ ಆಡಿದರು. 2023ರಲ್ಲಿ ನಾಯಕ ಆದರು. 2025ರ ಮಾರ್ಚ್ 20ರಂದು ಬಹ್ರೇನ್ ಮೇಲೆ ಗೆದ್ದು, ಆತಿಥೇಯ ಮೂರು ದೇಶಗಳನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಎಲ್ಲರಿಗಿಂತ ಮೊದಲು ಅರ್ಹತೆ ಪಡೆದ ತಂಡ ಜಪಾನ್. ಅದೇ ವರ್ಷ ಅಕ್ಟೋಬರ್ 14ರಂದು ಟೋಕಿಯೊದಲ್ಲಿ ಬ್ರೆಜಿಲ್ ಮೇಲೆ 0–2 ಹಿಂದಿದ್ದು 3–2ರಿಂದ ಗೆದ್ದರು. ಬ್ರೆಜಿಲ್ ಮೇಲೆ ಜಪಾನಿನ ಮೊದಲ ಗೆಲುವು ಅದು. ಆ ದಿನ ಎಂಡೊ ಆಡಲಿಲ್ಲ, ನಾಯಕನ ಪಟ್ಟಿ ಮಿನಾಮಿನೊ ತೋಳಿನಲ್ಲಿತ್ತು. ಅವರಿಲ್ಲದೆಯೂ ಗೆಲ್ಲುವಷ್ಟು ತಂಡ ಬೆಳೆದಿದೆ. ಇದು ಸಂತೋಷದ ವಿಷಯ.

ಹಾಗಾದರೆ ಚಿಂತೆ ಯಾವುದರ ಬಗ್ಗೆ? ಎಂಡೊ ಒಬ್ಬರೇ ತಡವಾಗಿ ಬೆಳೆದವರಲ್ಲ. ಬ್ರೈಟನ್‌ನ ಕವೊರು ಮಿತೋಮಾ 18ಕ್ಕೆ ವೃತ್ತಿಪರ ಕಾಂಟ್ರ್ಯಾಕ್ಟ್ ಬೇಡ ಅಂದು ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದಲು ಹೋದರು. ಸ್ಪೋರ್ಟಿಂಗ್ ಲಿಸ್ಬನ್ ಜೊತೆ ಎರಡು ಸಲ ಪೋರ್ಚುಗಲ್ ಲೀಗ್ ಗೆದ್ದ ಮಿಡ್‌ಫೀಲ್ಡರ್ ಹಿದೆಮಾಸಾ ಮೊರಿತಾ ಕೂಡ ವಿಶ್ವವಿದ್ಯಾಲಯದ ತಂಡದಿಂದ ಬಂದವರು. ಶಾಲೆ, ವಿಶ್ವವಿದ್ಯಾಲಯ, ಎರಡನೇ ಹಂತದ ಲೀಗ್, ಬೆಲ್ಜಿಯಂ. ಇವೆಲ್ಲ ಸೇರಿ ಹದಿನೆಂಟಕ್ಕೆ ತಯಾರಾಗದವರಿಗೆ ಇಪ್ಪತ್ತಮೂರಕ್ಕೆ, ಇಪ್ಪತ್ತೈದಕ್ಕೆ ಇನ್ನೊಂದು ಅವಕಾಶ ಕೊಟ್ಟವು.

ಈಗ ಯುರೋಪಿನ ಕ್ಲಬ್‌ಗಳು ಜಪಾನಿನಲ್ಲಿ ಹುಡುಕುವುದು ಹದಿಹರೆಯದವರನ್ನು. ಸ್ಟುಟ್‌ಗಾರ್ಟ್ 2022ರಲ್ಲಿ ಶೋಶಿ ಹೈಸ್ಕೂಲಿನಿಂದ ಚೇಸ್ ಅನ್ರಿಯನ್ನು ನೇರವಾಗಿ ತನ್ನ ಎರಡನೇ ತಂಡಕ್ಕೆ ಕರೆದುಕೊಂಡಿತು. ಇಂಥವು ಹೆಚ್ಚಾಗುತ್ತಿವೆ. ಕಾರಣ ಸರಳ: ಜಪಾನಿನಲ್ಲಿ ಬೆಲೆ ಕಡಿಮೆ. 2021ರಲ್ಲಿ ಬ್ರೈಟನ್ ಮಿತೋಮಾಗೆ ಕೊಟ್ಟದ್ದು ಸುಮಾರು 30 ಲಕ್ಷ ಪೌಂಡ್. 2025ರ ಜನವರಿಯಲ್ಲಿ ಸೌದಿಯ ಅಲ್ ನಸ್ರ್ 5 ಕೋಟಿ ಪೌಂಡ್‌ಗಿಂತ ಜಾಸ್ತಿ ಕೊಡುತ್ತೇನೆ ಅಂದರೂ ಬ್ರೈಟನ್ ಬಿಡಲಿಲ್ಲ. ನಡುವಿನ ಲಾಭದಲ್ಲಿ ಜಪಾನಿಗೆ ಸಿಗುವುದು ಬಹಳ ಕಡಿಮೆ. ಫಿಫಾ ನಿಯಮದ ಪ್ರಕಾರ ವರ್ಗಾವಣೆಯ ಹಣದಲ್ಲಿ 5% ಭಾಗವನ್ನು ಆ ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಬೇಕು. ಎಂಡೊ ಲಿವರ್‌ಪೂಲ್‌ಗೆ ಹೋದಾಗಿನ ಬೆಲೆಗೆ ಈ ಲೆಕ್ಕ ಹಾಕಿದರೆ ಶೋನಾನ್ ಪಾಲು 5 ಲಕ್ಷ ಪೌಂಡ್ ದಾಟುತ್ತದೆ. ಶೋನಾನ್‌ನಂಥ ಕ್ಲಬ್‌ಗೆ ಇದು ದೊಡ್ಡ ಮೊತ್ತವೇ. ಅದು ಸಿಗುವುದು ಆ ಕ್ಲಬ್ ಅವರನ್ನು 22ರವರೆಗೆ ಇಟ್ಟುಕೊಂಡಿದ್ದರಿಂದ. ಹುಡುಗ 18ಕ್ಕೇ ಹೊರಟರೆ ಈ ಪಾಲು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಹಾಗಾದರೆ ಮುಂದಿನ ಹುಡುಗನನ್ನು ತಯಾರು ಮಾಡೋಕೆ ಚಿಕ್ಕ ಕ್ಲಬ್‌ಗೆ ಹಣ ಎಲ್ಲಿಂದ ಬರಬೇಕು?

ಬೇಗ ಹೋದವರೆಲ್ಲ ಹಾಳಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಟಕೆಫುಸಾ ಕುಬೊ ಮಗುವಾಗಿದ್ದಾಗಲೇ ಬಾರ್ಸಿಲೋನಾ ಅಕಾಡೆಮಿಯಲ್ಲಿದ್ದವರು, ಇವತ್ತು ರಿಯಲ್ ಸೊಸಿಯೆದಾದ್‌ನ ಮುಖ್ಯ ಆಟಗಾರ. ಆದರೆ ಕುಬೊ ಥರದವರು ಯಾವ ವ್ಯವಸ್ಥೆಯಲ್ಲಾದರೂ ಕಣ್ಣಿಗೆ ಬೀಳುತ್ತಾರೆ. ಎಂಡೊ ಥರದವರು ಬೀಳುವುದಿಲ್ಲ. ಅವರ ಗುಣ ಹೊರಬರೋಕೆ ನೂರಾರು ಪಂದ್ಯ ಬೇಕು, ತಪ್ಪು ಮಾಡಿದರೂ ಮುಂದಿನ ವಾರ ಆಡಿಸುವ ಕೋಚ್ ಬೇಕು.

ಜೆ ಲೀಗ್ ಸುಮ್ಮನೆ ಕೂತಿಲ್ಲ. 2026ರ ಆಗಸ್ಟ್‌ನಿಂದ ಲೀಗ್‌ನ ಕ್ಯಾಲೆಂಡರ್ ಅನ್ನು ಯುರೋಪಿಗೆ ಹೊಂದಿಸುವ ತೀರ್ಮಾನ ಮಾಡಿದೆ. 2025ರವರೆಗೆ ವಸಂತದಲ್ಲಿ ಶುರುವಾಗಿ ಚಳಿಗಾಲಕ್ಕೆ ಮುಗಿಯುತ್ತಿತ್ತು. ಹಾಗಾಗಿ ಯುರೋಪಿನ ಬೇಸಿಗೆ ವರ್ಗಾವಣೆ ಸಮಯ ಬಂದಾಗ ಜಪಾನಿ ಕ್ಲಬ್‌ಗಳು ನಡು ಸೀಸನ್‌ನಲ್ಲೇ ಒಳ್ಳೆಯ ಆಟಗಾರರನ್ನು ಕಳೆದುಕೊಳ್ಳುತ್ತಿದ್ದವು. ಇನ್ನು ಸೀಸನ್ ಮುಗಿಸಿ ಕೂತು ಬೆಲೆ ಮಾತಾಡಬಹುದು. ಅದರ ಜೊತೆಗೆ 21 ವಯಸ್ಸಿನೊಳಗಿನವರಿಗೆ ಬೇರೆಯೇ ಒಂದು ಲೀಗ್ ತರುತ್ತಿದ್ದಾರೆ. 19, 20ರ ಹುಡುಗರು ದೊಡ್ಡ ಕ್ಲಬ್‌ಗಳ ಬೆಂಚಿನಲ್ಲಿ ಕೂತು ವರ್ಷ ಕಳೆಯುತ್ತಾರೆ, ಅವರಿಗೆ ಪಂದ್ಯ ಸಿಗಲಿ ಅನ್ನೋದು ಉದ್ದೇಶ. ರೋಗ ಸರಿಯಾಗಿ ಗುರುತಿಸಿದ್ದಾರೆ. ಮದ್ದಿನ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಓರಗೆಯ ಹುಡುಗರ ಜೊತೆ ಆಡುವುದಕ್ಕೂ, ಸೋತರೆ ಕೆಳಗೆ ಬೀಳುತ್ತೇವೆ ಅನ್ನೋ ಭಯದಲ್ಲಿರುವ ಮೂವತ್ತರ ಗಂಡಸರ ಜೊತೆ ಆಡುವುದಕ್ಕೂ ವ್ಯತ್ಯಾಸ ಇದೆ. ಎಂಡೊಗೆ ಇಪ್ಪತ್ತಕ್ಕೆ ಸಿಕ್ಕಿದ್ದು ಎರಡನೆಯದು. ದೊಡ್ಡ ಕ್ಲಬ್‌ಗಳು ತಮ್ಮ ಹುಡುಗರನ್ನು ಎರಡನೇ, ಮೂರನೇ ಹಂತದ 40 ಕ್ಲಬ್‌ಗಳಿಗೆ ಎರವಲು ಕೊಟ್ಟು, ಅವರ ಸಂಬಳದ ಒಂದು ಭಾಗವನ್ನು ತಾವೇ ಹೊತ್ತರೆ, ಹೊಸ ಲೀಗ್‌ಗಿಂತ ಹೆಚ್ಚಿನ ಕೆಲಸ ಆಗುತ್ತದೆ. ಹುಡುಗರಿಗೆ ನಿಜವಾದ ಪಂದ್ಯ ಸಿಗುತ್ತದೆ, ಶೋನಾನ್‌ನಂಥ ಊರುಗಳ ತಂಡಕ್ಕೆ ಒಳ್ಳೆಯ ಆಟಗಾರ ಸಿಗುತ್ತಾರೆ, ಮತ್ತು ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಓರಗೆಯವರನ್ನು ಹಿಡಿಯೋಕೆ ಇನ್ನೂ ನಾಲ್ಕು ವರ್ಷ ಸಿಗುತ್ತದೆ.